ಸಿಟ್ಟಾದ ಮಗಳು, ಸುಮ್ಮನಾದ ಮನೆ

ಜೀನ್ ಬ್ರಿಗ್ಸ್ ಬರೆದ 'ನೆವರ್ ಇನ್ ಆ್ಯಂಗರ್' ಪುಸ್ತಕದ ಹೆಸರಿನಲ್ಲಿ ಸಿಟ್ಟಿಗೆ ಜಾಗವಿಲ್ಲ. ಆದರೆ ಅದನ್ನು ಓದಿ ಮುಗಿಸಿದವರ ಮನಸ್ಸಿನಲ್ಲಿ ಉಳಿಯುವುದು ಒಂದು ಸಿಟ್ಟಿನ ಪ್ರಸಂಗವೇ. ಸಿಟ್ಟಾದವಳು ಬೇರೆ ಯಾರೂ ಅಲ್ಲ, ಪುಸ್ತಕ ಬರೆದವಳೇ. ಯಾರನ್ನು ಅಧ್ಯಯನ ಮಾಡಲು ಹೋಗಿದ್ದಳೋ ಆ ಜನ ಒಂದು ಮಾತನ್ನೂ ಗಟ್ಟಿಯಾಗಿ ಆಡದೆ ಅವಳಿಂದ ದೂರ ಸರಿದರು. 1970ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಪ್ರಕಾಶನದಿಂದ ಬಂದ ಈ ಕೃತಿಯನ್ನು ಮಾನವಶಾಸ್ತ್ರದ ವಿದ್ಯಾರ್ಥಿಗಳು ಪಠ್ಯವಾಗಿ ಓದುತ್ತಾರೆ. ಸಾಹಿತ್ಯದ ವಿದ್ಯಾರ್ಥಿಗಳೂ ಅದನ್ನು ಓದಬೇಕು ಎಂಬುದು ನನ್ನ ವಾದ. ಇನ್ನೊಬ್ಬರ ಮನೆಯಲ್ಲಿ ಕೂತು ಅವರ ಬಗ್ಗೆ ಬರೆಯುವುದೆಂದರೆ ಏನು ಎಂಬ ಪ್ರಶ್ನೆ ಕಾದಂಬರಿಕಾರನಿಗೂ ಇದ್ದದ್ದೇ. ಆ ಪ್ರಶ್ನೆಯನ್ನು ಇಷ್ಟು ಮುಜುಗರಪಟ್ಟುಕೊಂಡು, ಇಷ್ಟು ನಿಖರವಾಗಿ ಎತ್ತಿದ ಬರಹಗಳು ಕಡಿಮೆ.

ಬ್ರಿಗ್ಸ್ ಹೋದದ್ದು 1963ರಲ್ಲಿ, ಕೆನಡಾದ ಉತ್ತರ ತುದಿಗೆ, ಬ್ಯಾಕ್ ನದಿ ಸಮುದ್ರ ಸೇರುವ ಕಡೆಗೆ. ಅಲ್ಲಿದ್ದ ಇನ್ಯೂಯಿಟ್ ಜನರ ಒಂದು ಸಣ್ಣ ಗುಂಪಿನ ಹೆಸರು ಉತ್ಕುಹಿಕ್ಹಾಲಿಙ್ಮಿಯುತ್. ಪುಸ್ತಕದುದ್ದಕ್ಕೂ ಅವಳು ಇದನ್ನು 'ಉತ್ಕು' ಎಂದು ಚಿಕ್ಕದು ಮಾಡಿಕೊಳ್ಳುತ್ತಾಳೆ. ನಾವೂ ಹಾಗೇ ಕರೆಯೋಣ. ಋತುವಿಗೆ ತಕ್ಕಂತೆ 20ರಿಂದ 35 ಮಂದಿ. ಹತ್ತಿರದ ಊರು ಗ್ಯೋವಾ ಹೇವನ್, ಸುಮಾರು 240 ಕಿಲೋಮೀಟರ್ ದೂರ, ಅದೂ ನಾಯಿಗಳು ಎಳೆಯುವ ಜಾರುಬಂಡಿಯ ದಾರಿ. ಚಳಿಗಾಲದಲ್ಲಿ ಹಿಮದ ಇಗ್ಲೂ, ಬೇಸಿಗೆಯಲ್ಲಿ ಬಟ್ಟೆಯ ಡೇರೆ. ಮುಖ್ಯ ಆಹಾರ ಮೀನು. ಅವಳು ಅಲ್ಲಿದ್ದದ್ದು 17 ತಿಂಗಳು.

ಹೋಗುವಾಗ ಅವಳ ಚೀಲದಲ್ಲಿದ್ದ ಸಂಶೋಧನಾ ವಿಷಯ ಶಾಮನ್ನರದು, ಅಂದರೆ ದೇವರು ದೆವ್ವಗಳ ನಡುವೆ ಓಡಾಡಿ ರೋಗ ಬಿಡಿಸುವವರದು. ಹೋಗಿ ನೋಡಿದರೆ ಉತ್ಕು ಜನ ಆಂಗ್ಲಿಕನ್ ಕ್ರೈಸ್ತರಾಗಿ, ದಿನದಿನವೂ ಶ್ರದ್ಧೆಯಿಂದ ಪ್ರಾರ್ಥನೆ ಮಾಡುತ್ತಿದ್ದರು. ಶಾಮನ್ನರ ಮಾತೆತ್ತಿದರೆ ಯಾರೂ ಬಾಯಿ ಬಿಡುತ್ತಿರಲಿಲ್ಲ. ತಂದ ಪ್ರಶ್ನೆಗೆ ಉತ್ತರ ಸಿಗಲಿಲ್ಲ. ಅವರ ಜೊತೆಗಿನ ಬಾಳ್ವೆಯೇ ಬೇರೊಂದು ಪ್ರಶ್ನೆಯನ್ನು ಅವಳ ಮುಂದಿಟ್ಟಿತು: ಒಂದೇ ಹಿಮದ ಗುಮ್ಮಟದೊಳಗೆ, ಮೈಗೆ ಮೈ ತಾಗುವಷ್ಟು ಹತ್ತಿರ, ತಿಂಗಳುಗಟ್ಟಲೆ ಬದುಕುವ ಈ ಜನ ಒಬ್ಬರ ಮೇಲೊಬ್ಬರು ರೇಗದೆ ಇರುವುದು ಹೇಗೆ?

ಅವಳು ಅಲ್ಲಿ ಉಳಿದದ್ದು ಅತಿಥಿಯಾಗಿ ಅಲ್ಲ, ಸಾಕುಮಗಳಾಗಿ. ಇನುತ್ತಿಯಾಕ್ ಮತ್ತು ಅಲ್ಲಾಕ್ ಎಂಬ ದಂಪತಿ (ಎರಡೂ ಪುಸ್ತಕಕ್ಕಾಗಿ ಇಟ್ಟ ಹೆಸರುಗಳು) ಅವಳನ್ನು ಮಗಳೆಂದು ಒಪ್ಪಿಕೊಂಡರು. ಕನ್ನಡದಲ್ಲಿ 'ಅವಕಾಶ' ಎಂಬ ಮಾತಿಗೆ ಎರಡು ಅರ್ಥ. ವಿದ್ಯಾರ್ಥಿವೇತನದ ಪ್ರಕಟಣೆಗಳಲ್ಲಿ ಬರುವ ಅವಕಾಶ ಒಂದು. ಕಾಲು ಚಾಚಲು ಬೇಕಾದ ಜಾಗ ಇನ್ನೊಂದು. ಬ್ರಿಗ್ಸ್‌ಗೆ ಮೊದಲನೆಯದು ಸಿಕ್ಕಿದ್ದು ವಿಶ್ವವಿದ್ಯಾಲಯದಿಂದ. ಎರಡನೆಯದು ಸಿಕ್ಕಿದ್ದು ಮಲಗುವ ಹಿಮದ ಕಟ್ಟೆಯ ಮೇಲೆ ಇನುತ್ತಿಯಾಕ್‌ನ ಮನೆಯವರು ಒಂದಿಷ್ಟು ಸರಿದು ಕೂತದ್ದರಿಂದ. ಎರಡನೆಯದಿಲ್ಲದೆ ಮೊದಲನೆಯದಕ್ಕೆ ಬೆಲೆಯಿಲ್ಲ ಎಂಬುದನ್ನು ಈ ಪುಸ್ತಕದಷ್ಟು ಚೆನ್ನಾಗಿ ತೋರಿಸಿದ ಸಂಶೋಧನಾ ಗ್ರಂಥವನ್ನು ನಾನು ಓದಿಲ್ಲ.

ಉತ್ಕು ಜನರ ಮನಸ್ಸನ್ನು ಬ್ರಿಗ್ಸ್ ಬಿಡಿಸುವುದು ಅವರದೇ ಮಾತುಗಳ ಮೂಲಕ. ಅವುಗಳಲ್ಲಿ ಎರಡನ್ನು ಹೇಳಿದರೆ ಸಾಕು. 'ಇಹುಮಾ' ಎಂದರೆ ಬುದ್ಧಿ, ವಿವೇಕ, ತನ್ನನ್ನು ತಾನು ಹಿಡಿದುಕೊಳ್ಳುವ ಶಕ್ತಿ. ಮಗುವಿಗೆ ಅದು ಹುಟ್ಟಿನಿಂದ ಇರುವುದಿಲ್ಲ, ನಿಧಾನವಾಗಿ ಬೆಳೆಯುತ್ತದೆ. ಆದ್ದರಿಂದ ಮಗು ಹಟ ಮಾಡಿದರೆ ಗದರುವುದು ವ್ಯರ್ಥ. ಇಹುಮಾ ಬಂದಾಗ ತಾನೇ ಕಲಿಯುತ್ತದೆ. 'ನಕ್ಲಿಕ್' ಎಂದರೆ ಪ್ರೀತಿ, ಆದರೆ ಆರೈಕೆ ಬೇಕಾದವರ ಕಡೆಗೆ ಹರಿಯುವ ಪ್ರೀತಿ, ನಮ್ಮ 'ಅಂತಃಕರಣ'ಕ್ಕೆ ಹತ್ತಿರದ್ದು. ಮನೆಯ ಕಿರಿಮಗಳು ಸಾರಾಕ್‌ಗೆ ಸುಮಾರು ಮೂರು ವರ್ಷವಾಗಿರುವಾಗ ತಂಗಿ ಹುಟ್ಟುತ್ತಾಳೆ. ಅಲ್ಲಿಯವರೆಗೆ ತನ್ನದಾಗಿದ್ದ ಮೊಲೆಯಲ್ಲಿ ಇನ್ನೊಂದು ಕೂಸನ್ನು ಕಂಡು ಸಾರಾಕ್ ಚೀರುತ್ತಾಳೆ, ಹೊಡೆಯಲು ಹೋಗುತ್ತಾಳೆ. ತಾಯಿ ಒಮ್ಮೆಯೂ ದನಿ ಏರಿಸುವುದಿಲ್ಲ. ಈ ಪುಟಗಳಲ್ಲಿ ಬ್ರಿಗ್ಸ್ ಸಿದ್ಧಾಂತವನ್ನು ಪಕ್ಕಕ್ಕಿಟ್ಟು ನೋಡುವುದೊಂದನ್ನೇ ಮಾಡುತ್ತಾಳೆ. ಇಹುಮಾ ಎಂದರೇನು ಎಂದು ಅಲ್ಲಿಯವರೆಗೆ ವಿವರಣೆಯಾಗಿ ತಿಳಿದದ್ದು ಇಲ್ಲಿ ಕಣ್ಣಿಗೆ ಕಾಣುತ್ತದೆ.

ಈ ಮನೆಯಲ್ಲಿ ದೊಡ್ಡ ಮಗು ಬ್ರಿಗ್ಸ್ ತಾನೇ. ಇಂಗ್ಲಿಷಿನಲ್ಲಿ ಯೋಚಿಸುವ, ಟಿಪ್ಪಣಿ ಬರೆಯಲು ಬೆರಳು ಬೆಚ್ಚಗಿರಬೇಕೆನ್ನುವ, ಒಂಟಿಯಾಗಿರಬೇಕೆನ್ನಿಸಿದಾಗ ಮುಖ ಸಿಂಡರಿಸುವ ಮಗು. ಅವಳ ಅಮೆರಿಕದ ಮನೆಯಲ್ಲಿ ಸಹಜವೆನಿಸುವ ಸಣ್ಣ ಸಿಡುಕು, ಒಂದು ನಿಟ್ಟುಸಿರು, ಇಲ್ಲಿ ಎಲ್ಲರ ಗಮನಕ್ಕೆ ಬರುತ್ತದೆ. ಅವರು ಸಹಿಸುತ್ತಾರೆ. ಇಹುಮಾ ಇನ್ನೂ ಬಂದಿಲ್ಲ, ಬರುತ್ತದೆ ಎಂದು ಕಾಯುತ್ತಾರೆ. ಅಧ್ಯಯನಕ್ಕೆ ಒಳಗಾದವರು ಯಾರು ಎಂಬುದು ಇಲ್ಲಿ ಮೆಲ್ಲಗೆ ಅದಲುಬದಲಾಗುತ್ತದೆ.

ಆಮೇಲೆ ದೋಣಿಯ ಪ್ರಸಂಗ. ಬೇಸಿಗೆಯಲ್ಲಿ ದಕ್ಷಿಣದಿಂದ ಮೋಜಿಗಾಗಿ ಮೀನು ಹಿಡಿಯಲು ಬಿಳಿಯರು ಸಣ್ಣ ವಿಮಾನಗಳಲ್ಲಿ ಬಂದಿಳಿಯುತ್ತಿದ್ದರು. ಉತ್ಕು ಜನರ ದೋಣಿಗಳನ್ನು ಕೇಳಿ ಪಡೆಯುತ್ತಿದ್ದರು. 1964ರ ಬೇಸಿಗೆಯಲ್ಲಿ ಹೀಗೆ ಪಡೆದ ಒಂದು ದೋಣಿ ಹಾಳಾಯಿತು. ಅವರ ಮಾರ್ಗದರ್ಶಿ ಬಂದು ಉಳಿದಿದ್ದ ಇನ್ನೊಂದನ್ನು ಕೇಳಿದ. ದೋಣಿ ಇಲ್ಲದಿದ್ದರೆ ಬಲೆ ಹಾಕುವಂತಿಲ್ಲ, ನೀರಿನಾಚೆ ಇಟ್ಟ ಸಾಮಾನು ತರುವಂತಿಲ್ಲ. ನಡುವೆ ನಿಂತು ಮಾತು ತಲುಪಿಸುತ್ತಿದ್ದ ಬ್ರಿಗ್ಸ್‌ಗೆ ತಡೆಯಲಾಗಲಿಲ್ಲ. ಇದೂ ಹೋದರೆ ಈ ಜನರ ಗತಿ ಏನು, ದೋಣಿಯ ಒಡೆಯನಿಗೆ ಕೊಡಲು ಮನಸ್ಸಿಲ್ಲ ಎಂದು ಅವನಿಗೆ ಖಾರವಾಗಿ ಹೇಳಿದಳು. ಆತ ಅದು ಒಡೆಯನ ಇಷ್ಟ ಎಂದ. ಅವಳು ಇನುತ್ತಿಯಾಕ್‌ನ ಕಡೆ ತಿರುಗಿದಳು. ಇನುತ್ತಿಯಾಕ್ ಎಂದಿಲ್ಲದ ಗಟ್ಟಿ ದನಿಯಲ್ಲಿ, ಅವನ ಇಷ್ಟದಂತೆಯೇ ಆಗಲಿ ಎಂದುಬಿಟ್ಟ. ಬ್ರಿಗ್ಸ್ ಡೇರೆಗೆ ಹೋಗಿ ಅತ್ತಳು.

ಅಲ್ಲಿಂದ ಸುಮಾರು ಮೂರು ತಿಂಗಳು ಆ ಮನೆ ಅವಳ ಪಾಲಿಗೆ ಸುಮ್ಮನಾಯಿತು. ಯಾರೂ ಬೈಯಲಿಲ್ಲ, ಹೊರಹಾಕಲಿಲ್ಲ. ಊಟ ಸಿಕ್ಕಿತು, ಕೇಳಿದ್ದಕ್ಕೆ ಮರ್ಯಾದೆಯ ಉತ್ತರ ಸಿಕ್ಕಿತು. ಅವಳ ಡೇರೆಗೆ ಬಂದು ಕೂರುವವರು ಮಾತ್ರ ಕಡಿಮೆಯಾದರು. ಅದು ಬಹಿಷ್ಕಾರ ಎಂದು ಅರ್ಥಮಾಡಿಕೊಳ್ಳಲೇ ಅವಳಿಗೆ ಸಮಯ ಹಿಡಿಯಿತು. ಕೊನೆಗೆ ಗ್ಯೋವಾ ಹೇವನ್‌ನಲ್ಲಿದ್ದ, ಇಂಗ್ಲಿಷ್ ಬಲ್ಲ, ಎರಡೂ ಕಡೆಯವರನ್ನೂ ತಿಳಿದ ಇನ್ಯೂಯಿಟ್ ಹೆಂಗಸೊಬ್ಬಳು ಪತ್ರ ಬರೆದು, ಆ ಸಿಟ್ಟು ನಿಮ್ಮ ಮೇಲಲ್ಲ, ನಿಮಗಾಗಿ ಎಂದು ವಿವರಿಸಿದ ಮೇಲೆ ಮನೆ ಕರಗಿತು.

ಕೋಪದಲ್ಲಿ ಕೊಯ್ದುಕೊಂಡ ಮೂಗು ಶಾಂತವಾದ ಮೇಲೆ ಬರುವುದಿಲ್ಲ ಎಂದು ನಮ್ಮಲ್ಲಿ ಹೇಳುತ್ತಾರೆ. ಆ ಗಾದೆಯಲ್ಲಿ ಕೋಪಿಸಿಕೊಂಡವನಿಗೇ ನಷ್ಟ. ಉತ್ಕು ಲೆಕ್ಕ ಇನ್ನೂ ಕಠಿಣ. ಅಲ್ಲಿ ಒಬ್ಬರ ಕೋಪ ಪಕ್ಕದಲ್ಲಿರುವವರಿಗೆಲ್ಲ ಭಯ. ಇನುತ್ತಿಯಾಕ್‌ನ ಬಗ್ಗೆ ಬ್ರಿಗ್ಸ್ ಹೇಳುವ ಒಂದು ಮಾತು ಇಲ್ಲಿ ಮುಖ್ಯ: ಅವನು ಎಂದೂ ಸಿಟ್ಟಾಗದವನು, ಅದಕ್ಕೇ ಅವನ ಕಡೆಗೆ ಜನಕ್ಕೆ ಒಂದು ಅಳುಕು. ಎಂದೂ ಸಿಟ್ಟಾಗದವನು ಒಮ್ಮೆ ಸಿಟ್ಟಾದರೆ ಕೊಂದೇಬಿಡಬಹುದು ಎಂಬ ನಂಬಿಕೆ. ಶಾಂತಿ ಇವರ ಹುಟ್ಟುಗುಣ ಎಂದು ಬರೆದಿದ್ದರೆ ಪುಸ್ತಕ ಸುಂದರ ಸುಳ್ಳಾಗುತ್ತಿತ್ತು. ಶಾಂತಿ ದಿನದಿನವೂ ಮಾಡಬೇಕಾದ ಕೆಲಸ, ಅದಕ್ಕೆ ಬೆಲೆ ತೆರಬೇಕು ಎಂದು ಅವಳು ಕಂಡುಕೊಂಡದ್ದು ತನ್ನ ಸೋಲಿನಿಂದ. ಸುತ್ತಲಿನ ಮೌನ ತನ್ನ ಮೇಲೇ ಮುಚ್ಚಿಕೊಂಡಾಗ ಅವಳಿಗೆ ತಿಳಿದದ್ದು ಯಾವ ಸಂದರ್ಶನದಲ್ಲೂ ತಿಳಿಯುವಂತಿರಲಿಲ್ಲ.

ಇದರ ಹೊಸತನ ಅರಿವಾಗಬೇಕಾದರೆ ಉತ್ತರದ ಬಗ್ಗೆ ಹಿಂದೆ ಬಂದ ಬರಹಗಳ ಪಕ್ಕದಲ್ಲಿಟ್ಟು ನೋಡಬೇಕು. ಫ್ರಾಂಜ್ ಬೋವಾಸ್ 1883-84ರಲ್ಲಿ ಬ್ಯಾಫಿನ್ ದ್ವೀಪದಲ್ಲಿದ್ದು 1888ರಲ್ಲಿ ಪ್ರಕಟಿಸಿದ 'ದಿ ಸೆಂಟ್ರಲ್ ಎಸ್ಕಿಮೊ' ಮಾಹಿತಿಯ ಕಣಜ. ಮಾರ್ಸೆಲ್ ಮೋಸ್ ಆರ್ಕ್ಟಿಕ್‌ಗೆ ಕಾಲಿಡದೆ, ಬೇರೆಯವರ ವರದಿಗಳನ್ನು ಓದಿಯೇ, ಬೇಸಿಗೆ ಮತ್ತು ಚಳಿಗಾಲದಲ್ಲಿ ಇವರ ಸಮಾಜ ಎರಡು ರೂಪ ತಾಳುವ ಬಗ್ಗೆ ಹೆಸರಾಂತ ಪ್ರಬಂಧ ಬರೆದ. ಗ್ರೀನ್‌ಲ್ಯಾಂಡಿನಲ್ಲಿ ಹುಟ್ಟಿ, ಅಲ್ಲಿನ ಭಾಷೆಯನ್ನು ಬಾಲ್ಯದಿಂದಲೇ ಆಡಿದ ಕ್ನೂಡ್ ರಾಸ್ಮುಸ್ಸೆನ್ 1921ರಿಂದ 1924ರವರೆಗೆ ಐದನೆಯ ಥೂಲೆ ಯಾತ್ರೆ ನಡೆಸಿ, ನಾಯಿಬಂಡಿಯಲ್ಲಿ ಅಲಾಸ್ಕಾದವರೆಗೆ ಹೋದ. ಇಗ್ಲೂಲಿಕ್ ಬಳಿಯ ಶಾಮನ್ ಆವುವಾ ಎಂಬಾತನ ಜೊತೆ ಅವನು ನಡೆಸಿದ ಮಾತುಕತೆ ಇಂದಿಗೂ ಮೈ ನಡುಗಿಸುತ್ತದೆ. ನಿಮ್ಮ ಕಟ್ಟಳೆಗಳಿಗೆ ಕಾರಣವೇನು ಎಂದು ರಾಸ್ಮುಸ್ಸೆನ್ ಕೆದಕಿದಾಗ, ಆವುವಾ ಅವನನ್ನು ಹೊರಗೆ ಕರೆದೊಯ್ದು ಬಿರುಗಾಳಿಯನ್ನೂ ಬೇಟೆ ಸಿಗದೆ ಮರಳುವವರನ್ನೂ ಕಾಯಿಲೆಯವರನ್ನೂ ತೋರಿಸಿ, ಇದೆಲ್ಲ ಯಾಕೆ ಹೀಗೆ ಎಂದು ತಿರುಗಿ ಕೇಳುತ್ತಾನೆ. ಅಲ್ಲಿ ಪ್ರಶ್ನೆ ಕೇಳಿದವನಿಗೆ ಉತ್ತರವಿಲ್ಲ. ಆದರೂ ಆ ಪುಟದಲ್ಲಿ ರಾಸ್ಮುಸ್ಸೆನ್ ಒಳ್ಳೆಯ ಕೇಳುಗನಾಗಿಯೇ ಉಳಿಯುತ್ತಾನೆ, ಅವನಿಗೆ ಅವಮಾನವಾಗುವುದಿಲ್ಲ. ಬ್ರಿಗ್ಸ್‌ಗೆ ಆಗುತ್ತದೆ, ಅದನ್ನೇ ಅವಳು ಸಾಕ್ಷ್ಯವಾಗಿ ಮುಂದಿಡುತ್ತಾಳೆ.

ಈ ಪರಂಪರೆಗೆ ಒಂದು ಕತ್ತಲ ಕೋಣೆಯೂ ಇದೆ. 1897ರಲ್ಲಿ ರಾಬರ್ಟ್ ಪಿಯರಿ ವಾಯವ್ಯ ಗ್ರೀನ್‌ಲ್ಯಾಂಡಿನಿಂದ ಆರು ಮಂದಿಯನ್ನು ನ್ಯೂಯಾರ್ಕಿನ ಅಮೆರಿಕನ್ ಮ್ಯೂಸಿಯಂ ಆಫ್ ನ್ಯಾಚುರಲ್ ಹಿಸ್ಟರಿಗೆ ಕರೆತಂದ. ವಿದ್ವಾಂಸರು ಉತ್ತರಕ್ಕೆ ಹೋಗುವ ಬದಲು ಉತ್ತರವೇ ವಿದ್ವಾಂಸರ ಬಾಗಿಲಿಗೆ ಬಂತು. ಬೋವಾಸ್ ಆಗ ಅದೇ ಸಂಸ್ಥೆಯಲ್ಲಿದ್ದ. ತಿಂಗಳುಗಳೊಳಗೆ ನಾಲ್ವರು ಕಾಯಿಲೆಯಿಂದ ಸತ್ತರು, ಒಬ್ಬ ಊರಿಗೆ ಮರಳಿದ, ಉಳಿದವನು ಮಿನಿಕ್ ಎಂಬ ಹುಡುಗ. ಅವನ ತಂದೆ ಕಿಸುಕ್ ಸತ್ತಾಗ, ಮಗನ ಸಮಾಧಾನಕ್ಕೆಂದು ಮರದ ದಿಮ್ಮಿಗೆ ಹೊದಿಕೆ ಸುತ್ತಿ ಸುಳ್ಳು ಶವಸಂಸ್ಕಾರ ನಡೆಸಿದರು. ಎಲುಬುಗಳು ಸಂಗ್ರಹಾಲಯಕ್ಕೆ ಹೋದವು. ಮಿನಿಕ್ ದೊಡ್ಡವನಾಗುತ್ತ ಸತ್ಯ ತಿಳಿದು ತಂದೆಯ ದೇಹವನ್ನು ಕೇಳಿದ. ಅವನ ಜೀವಮಾನದಲ್ಲಿ ಅದು ಸಿಗಲಿಲ್ಲ. ನಾಲ್ವರ ಅವಶೇಷಗಳು ಊರಿಗೆ ಮರಳಿ ಮಣ್ಣು ಸೇರಿದ್ದು 1993ರಲ್ಲಿ. ಕೆನ್ ಹಾರ್ಪರ್ ಈ ಕತೆಯನ್ನು 'ಗಿವ್ ಮಿ ಮೈ ಫಾದರ್ಸ್ ಬಾಡಿ' ಎಂಬ ಪುಸ್ತಕದಲ್ಲಿ ಹೇಳಿದ್ದಾನೆ. ಸಂಶೋಧನೆ ಎಂಬ ಮಾತು ಉತ್ತರದ ಊರುಗಳಲ್ಲಿ ಇಂದಿಗೂ ಅನುಮಾನ ಹುಟ್ಟಿಸುವುದೇಕೆ ಎಂದು ತಿಳಿಯಬೇಕಾದವರು ಅದನ್ನು ಓದಬೇಕು.

ಬ್ರಿಗ್ಸ್‌ನ ಪುಸ್ತಕ ಈ ಅನುಮಾನದಿಂದ ಹೊರತೇ? ಪೂರ್ತಿಯಾಗಿ ಅಲ್ಲ. ಅವಳ ಪ್ರಾಮಾಣಿಕತೆಗೆ ಎರಡು ಮಿತಿಗಳು ಕಾಣುತ್ತವೆ. ಒಂದು, ದೋಣಿಯ ವಿಷಯದಲ್ಲಿ ನ್ಯಾಯ ತನ್ನ ಕಡೆಗಿತ್ತು ಎಂಬ ಭಾವ ಆ ಅಧ್ಯಾಯದ ಅಡಿಯಲ್ಲಿ ಹರಿಯುತ್ತಲೇ ಇರುತ್ತದೆ. ನ್ಯಾಯ ಅವಳ ಕಡೆಗಿತ್ತು, ನಿಜ. ಆದರೆ ದೋಣಿ ಅವಳದಾಗಿರಲಿಲ್ಲ. ದೋಣಿ ಕೊಡುವುದೋ ಬಿಡುವುದೋ ಎಂದು ಹೇಳುವ ಹಕ್ಕು ಇನುತ್ತಿಯಾಕ್‌ನದು. ಬಿಳಿಯರೊಡನೆ ವೈಮನಸ್ಸು ಕಟ್ಟಿಕೊಂಡರೆ ಆಮೇಲೆ ಏನಾಗುತ್ತದೆ ಎಂಬ ಲೆಕ್ಕವೂ ಅವನದು. ಅವಳು ಹೊರಟುಹೋಗುವವಳು, ಅವನು ಅಲ್ಲೇ ಇರುವವನು. ಇನ್ನೊಬ್ಬರ ಪರವಾಗಿ ಮಾತಾಡುವ ಸಜ್ಜನಿಕೆಯೂ ಅವರ ಬಾಯಿಂದ ಮಾತು ಕಸಿಯಬಹುದು. ದಮನಿತರ ಪರವಾಗಿ ಬರೆಯುತ್ತೇವೆ ಎನ್ನುವ ಎಲ್ಲ ಬರಹಗಾರರೂ ಈ ದೋಣಿಯ ಪಕ್ಕ ಒಂದು ಗಳಿಗೆ ನಿಲ್ಲುವುದು ಒಳ್ಳೆಯದು. ಎರಡನೆಯದು, ಆ ಮೂರು ತಿಂಗಳ ಮೌನವನ್ನು ನಾವು ಓದುವುದು ಒಳಗಾದವಳ ಕಣ್ಣಿನಿಂದ ಮಾತ್ರ. ಅಲ್ಲಾಕ್ ಅದನ್ನು ಹೇಗೆ ಹೇಳುತ್ತಿದ್ದಳು? ಆ ಮನೆಗೆ ಅವಳ ಸಿಟ್ಟು ಎಷ್ಟು ಭಾರವಾಗಿತ್ತು? ಇಂಗ್ಲಿಷಿನ ಪುಸ್ತಕ ಅಷ್ಟು ದೂರ ಹೋಗಲಾರದು.

ಆ ಕೊರತೆಯನ್ನು ತುಂಬಿಕೊಳ್ಳಲು ಅದರ ಪಕ್ಕದಲ್ಲಿ ಇನ್ನೊಂದು ಪುಸ್ತಕವನ್ನು ಇಡಬೇಕು. ಕೆನಡಾದ ಕ್ವಿಬೆಕ್ ಪ್ರಾಂತ್ಯದ ಉತ್ತರಕ್ಕಿರುವ ನುನಾವಿಕ್ ಪ್ರದೇಶದ ಮಿಟಿಯಾರ್ಜುಕ್ ನಪ್ಪಾಲುಕ್ ಎಂಬ ಇನ್ಯೂಯಿಟ್ ಹೆಂಗಸು ಬರೆದ 'ಸನಾಕ್' ಅದು. ಹುಟ್ಟಿದ ಬಗೆಯೇ ಸ್ವಾರಸ್ಯ. 1950ರ ದಶಕದಲ್ಲಿ ಇನುಕ್ಟಿಟುಟ್ ಭಾಷೆ ಕಲಿಯಬೇಕೆಂದಿದ್ದ ಕ್ಯಾಥೊಲಿಕ್ ಪಾದ್ರಿಗಳು ನಿತ್ಯದ ಪದಗಳನ್ನೆಲ್ಲ ಬಳಸಿ ವಾಕ್ಯಗಳನ್ನು ಬರೆದುಕೊಡು ಎಂದು ಕೇಳಿದರು. ಬಿಡಿ ವಾಕ್ಯಗಳು ಅವಳ ಕೈಗೆ ಒಗ್ಗಲಿಲ್ಲವೇನೋ, ಪಾತ್ರಗಳು ಹುಟ್ಟಿಕೊಂಡವು. ಸನಾಕ್ ಎಂಬ ವಿಧವೆ, ಅವಳ ಪುಟ್ಟ ಮಗಳು, ಬೇಟೆ, ಹೊಲಿಗೆ, ಜಗಳ, ಮರುಮದುವೆ, ಬಿಳಿಯರ ಆಗಮನ. ಕಾದಂಬರಿ ಎಂಬ ಪ್ರಕಾರವನ್ನು ಓದದೆಯೇ ಅವಳು ಕಾದಂಬರಿ ಬರೆದಳು. ಮಾನವಶಾಸ್ತ್ರಜ್ಞ ಬರ್ನಾರ್ಡ್ ಸಲದಾಂ ದಾಂಗ್ಲೂರ್ ಅದರ ಹಿಂದೆ ಬಿದ್ದು ಬರವಣಿಗೆ ಮುಂದುವರಿಯಲು ನೆರವಾದ. ಇನುಕ್ಟಿಟುಟ್‌ನ ಅಕ್ಷರಮಾಲೆಯಲ್ಲಿ 1984ರಲ್ಲಿ, ಫ್ರೆಂಚಿನಲ್ಲಿ 2002ರಲ್ಲಿ, ಇಂಗ್ಲಿಷಿನಲ್ಲಿ 2014ರಲ್ಲಿ ಅದು ಅಚ್ಚಾಯಿತು.

'ಸನಾಕ್' ಓದುವಾಗ ಮೊದಲು ಬೆಚ್ಚಿಬೀಳಿಸುವುದು ಅಲ್ಲಿನ ಗದ್ದಲ. ಜನ ಕೂಗುತ್ತಾರೆ, ನಗುತ್ತಾರೆ, ರೇಗುತ್ತಾರೆ, ಗಂಡ ಹೆಂಡಿರು ಹೊಡೆದಾಡುವುದೂ ಉಂಟು. ಇದು ಬೇರೆ ಗುಂಪು, ಬೇರೆ ಪ್ರದೇಶ. ಉತ್ಕು ಜನರ ಬಗ್ಗೆ ಬ್ರಿಗ್ಸ್ ಬರೆದದ್ದನ್ನು ಇದು ಸುಳ್ಳು ಮಾಡುವುದಿಲ್ಲ. ಆದರೆ 'ಸಿಟ್ಟು ಮಾಡದ ಇನ್ಯೂಯಿಟ್' ಎಂದು ಓದುಗರು ಕಟ್ಟಿಕೊಂಡ ಬೊಂಬೆಯನ್ನು ಅದು ಒಡೆಯುತ್ತದೆ. ಒಂದು ಮನೆಯ ಚಿತ್ರವನ್ನು ಇಡೀ ಜನಾಂಗಕ್ಕೆ ಹೊದಿಸಿದ್ದು ಬ್ರಿಗ್ಸ್‌ಗಿಂತ ಹೆಚ್ಚಾಗಿ ಅವಳ ಓದುಗರು. ಅವಳು ಉಪಶೀರ್ಷಿಕೆಯಲ್ಲೇ ಇದು ಒಂದು ಕುಟುಂಬದ ಚಿತ್ರ ಎಂದು ಹೇಳಿದ್ದಳು.

ಈಗ ಉತ್ತರಕ್ಕೆ ಹೋಗಬಯಸುವ ಸಂಶೋಧಕರಿಗೆ ದಾರಿ ಬೇರೆಯಾಗಿದೆ. ಇನ್ಯೂಯಿಟ್ ಮನೆಯಲ್ಲಿ ಅಪ್ಪ, ಅಮ್ಮ, ಮಕ್ಕಳು ಮತ್ತು ಒಬ್ಬ ಮಾನವಶಾಸ್ತ್ರಜ್ಞ ಇರುತ್ತಾರೆ ಎಂಬ ಹಳೆಯ ತಮಾಷೆಯ ಹಿಂದಿನ ಬೇಸರ ಕಾನೂನಿನ ರೂಪ ಪಡೆದಿದೆ. 1999ರ ಏಪ್ರಿಲ್ 1ರಂದು ನುನಾವುಟ್ ಪ್ರತ್ಯೇಕ ಆಡಳಿತ ಪ್ರದೇಶವಾಯಿತು. ಉತ್ಕು ಜನರ ನೆಲವೂ ಅದರೊಳಗೇ ಇದೆ. ಅಲ್ಲಿ ಸಂಶೋಧನೆ ಮಾಡಬೇಕಾದರೆ ನುನಾವುಟ್ ರಿಸರ್ಚ್ ಇನ್‌ಸ್ಟಿಟ್ಯೂಟ್‌ನಿಂದ ಪರವಾನಗಿ ಬೇಕು. ಕೆನಡಾದ ಇನ್ಯೂಯಿಟರ ರಾಷ್ಟ್ರೀಯ ಸಂಸ್ಥೆಯಾದ ಇನ್ಯೂಯಿಟ್ ತಪಿರೀತ್ ಕನಾತಮಿ 2018ರಲ್ಲಿ ತನ್ನದೇ ಸಂಶೋಧನಾ ನೀತಿಯನ್ನು ಹೊರಡಿಸಿತು. ಯಾವ ಪ್ರಶ್ನೆ ಕೇಳಬೇಕು, ಹಣ ಯಾರ ಕೈಯಲ್ಲಿರಬೇಕು, ಸಂಗ್ರಹವಾದ ಮಾಹಿತಿ ಯಾರದ್ದಾಗಿರಬೇಕು ಎಂಬಲ್ಲೆಲ್ಲ ತಮ್ಮ ಮಾತು ನಡೆಯಬೇಕು ಎಂಬುದು ಅದರ ತಿರುಳು. ಇದರಿಂದ ವಿದ್ವತ್ತಿನ ಸ್ವಾತಂತ್ರ್ಯಕ್ಕೆ ಧಕ್ಕೆ ಎಂದು ಗೊಣಗುವವರು ಇರಬಹುದು. ಬ್ರಿಗ್ಸ್‌ಳನ್ನು ಓದಿದವರಿಗೆ ಹಾಗನ್ನಿಸಲಾರದು. ಇನುತ್ತಿಯಾಕ್‌ನ ಮನೆಯವರು ಮೌನದಿಂದ ಹೇಳಿದ್ದನ್ನೇ ಈ ದಾಖಲೆ ಬಾಯಿಬಿಟ್ಟು ಹೇಳುತ್ತಿದೆ.

ಭಾರತದ ವಿದ್ಯಾರ್ಥಿಗೂ ಉತ್ತರ ಈಗ ತೀರ ದೂರವಲ್ಲ. ಸ್ವಾಲ್‌ಬಾರ್ಡ್ ದ್ವೀಪಸ್ತೋಮದ ನೀ-ಓಲೆಸುಂಡ್‌ನಲ್ಲಿ 2008ರಿಂದ ನಮ್ಮ 'ಹಿಮಾದ್ರಿ' ಸಂಶೋಧನಾ ಕೇಂದ್ರವಿದೆ. 2013ರಲ್ಲಿ ಆರ್ಕ್ಟಿಕ್ ಮಂಡಳಿಯಲ್ಲಿ ಭಾರತಕ್ಕೆ ವೀಕ್ಷಕ ಸ್ಥಾನ ಸಿಕ್ಕಿತು, 2022ರಲ್ಲಿ ಸರ್ಕಾರ ಆರ್ಕ್ಟಿಕ್ ನೀತಿಯನ್ನೂ ಪ್ರಕಟಿಸಿತು. ಹಿಮನದಿ, ವಾತಾವರಣ, ಸಮುದ್ರದ ಅಧ್ಯಯನಕ್ಕೆ ಇವು ಬೇಕು. ಆದರೆ ಸ್ವಾಲ್‌ಬಾರ್ಡ್‌ನಲ್ಲಿ ಮೂಲನಿವಾಸಿಗಳಿಲ್ಲ. ಅಲ್ಲಿ ಬಾಗಿಲು ತಟ್ಟಿ ಒಳಗೆ ಬರಲೇ ಎಂದು ಕೇಳಬೇಕಾದ ಮನೆಯಿಲ್ಲ. ನಮ್ಮ ಕಲ್ಪನೆಯ ಉತ್ತರ ಬರೀ ಮಂಜುಗಡ್ಡೆಯಾಗಿ ಉಳಿದರೆ ಅದಕ್ಕೆ ಇದೂ ಒಂದು ಕಾರಣವಾದೀತು. ಮಾನವಶಾಸ್ತ್ರ ಓದುವವರು ಪಿಯರ್ಸ್ ವಿಟೆಬ್‌ಸ್ಕಿಯನ್ನು ನೆನೆಯಬಹುದು. ಒಡಿಶಾದ ಸೋರಾ ಜನರ ನಡುವೆ ಇದ್ದು, ಸತ್ತವರೊಡನೆ ಅವರು ನಡೆಸುವ ಮಾತುಕತೆಯ ಬಗ್ಗೆ ಬರೆದವನು ಅವನು. ಸೈಬೀರಿಯಾದ ಹಿಮಸಾರಂಗ ಸಾಕುವ ಎವೆನಿ ಜನರ ಬಗ್ಗೆ 2005ರಲ್ಲಿ 'ದಿ ರೇನ್‌ಡೀರ್ ಪೀಪಲ್' ಪ್ರಕಟಿಸಿದವನೂ ಅವನೇ. ಎರಡು ಕಡೆಯೂ ವರ್ಷಗಟ್ಟಲೆ ಮತ್ತೆ ಮತ್ತೆ ಹೋದವನು. ನಮ್ಮ ಪೂರ್ವಘಟ್ಟದಿಂದ ಆರ್ಕ್ಟಿಕ್‌ಗೆ ಹೀಗೆ ಒಂದು ಓದಿನ ದಾರಿ ಈಗಾಗಲೇ ಇದೆ.

ಬ್ರಿಗ್ಸ್ ಕೂಡ ಉತ್ತರಕ್ಕೆ ಮತ್ತೆ ಮತ್ತೆ ಹೋದಳು. 1998ರಲ್ಲಿ ಬಂದ 'ಇನ್ಯೂಯಿಟ್ ಮೊರಾಲಿಟಿ ಪ್ಲೇ'ಯಲ್ಲಿ ಮೂರು ವರ್ಷದ ಒಂದು ಹೆಣ್ಣುಮಗುವನ್ನು ಮಾತ್ರ ಹಿಂಬಾಲಿಸುತ್ತಾಳೆ. ದೊಡ್ಡವರು ಆಟದಂತೆ ಕೇಳುವ ಕಠಿಣ ಪ್ರಶ್ನೆಗಳ ಮೂಲಕ ಅದು ಲೋಕವನ್ನು ಕಲಿಯುವ ಕತೆ ಅದು. ಮೊದಲ ಪುಸ್ತಕದಲ್ಲಿ ಬುದ್ಧಿ ಬರಲಿ ಎಂದು ಕಾಯುತ್ತಿದ್ದ ಮನೆಯವರು ಇಲ್ಲಿ ಅದನ್ನು ಬರಿಸುವ ಉಪಾಯಗಳನ್ನೂ ಬಲ್ಲವರಾಗಿ ಕಾಣುತ್ತಾರೆ. ತನ್ನ ಹಳೆಯ ಓದನ್ನು ತಾನೇ ತಿದ್ದಿಕೊಂಡದ್ದು ಇದು. ಆಮೇಲಿನ ವರ್ಷಗಳಲ್ಲಿ ಉತ್ಕು ಜನರ ಆಡುನುಡಿಯ ಕೋಶದ ಕೆಲಸಕ್ಕೆ ತೊಡಗಿದಳು. ಅವರ ನುಡಿಯೂ ನಮ್ಮದರಂತೆ ಪ್ರತ್ಯಯದ ಮೇಲೆ ಪ್ರತ್ಯಯ ಜೋಡಿಸಿ ಉದ್ದುದ್ದ ಮಾತು ಕಟ್ಟುವಂಥದ್ದು. ಆ ಪ್ರತ್ಯಯಗಳ ಕೋಶ ಇಬ್ಬರು ಭಾಷಾಶಾಸ್ತ್ರಜ್ಞರ ಜೊತೆಗೂಡಿ 2015ರಲ್ಲಿ ಸಿದ್ಧವಾಯಿತು. ಮರುವರ್ಷ ಅವಳು ತೀರಿಕೊಂಡಳು.

'ನೆವರ್ ಇನ್ ಆ್ಯಂಗರ್' ಅವಳನ್ನು ಜಗತ್ತಿಗೆ ಪರಿಚಯಿಸಿತು. ಕೋಶವನ್ನು ಓದಿದವರು ಕಡಿಮೆ, ವಿಮರ್ಶೆ ಬರೆದವರು ಇನ್ನೂ ಕಡಿಮೆ. ಮೊದಲನೆಯದು ಉತ್ಕು ಜನರ ಬಗ್ಗೆ ನಮಗಾಗಿ ಬರೆದದ್ದು. ಎರಡನೆಯದನ್ನು ಅವರ ಮೊಮ್ಮಕ್ಕಳು ತೆರೆದರೆ ಅವರದೇ ಹಿರಿಯರ ಮಾತು ಸಿಗುತ್ತದೆ. ಮೊದಲ ಪುಸ್ತಕವನ್ನು ಮೆಚ್ಚಿ ಓದುವವರು ಎರಡನೆಯದು ಇದೆ ಎಂಬುದನ್ನಾದರೂ ತಿಳಿದಿರಬೇಕು. ಸಿಟ್ಟು ಮಾಡಿಕೊಂಡ ಮಗಳು ಆ ಮನೆಗೆ ಏನು ಹಿಂದಿರುಗಿಸಿದಳು ಎಂಬುದಕ್ಕೆ ಉತ್ತರ ಅದರಲ್ಲಿದೆ.